ಪಟ್ಟಿಯಲ್ಲಿಲ್ಲದ ಒಂಬತ್ತು ಮಂದಿ

ಹಾಲ್ ಟಿಕೆಟ್ ಹಂಚುವ ದಿನ ಸಾಬೀರ ಮಗಳ ಶಾಲೆಯಲ್ಲೇ ಇದ್ದ. ಪಾಲಕನಾಗಿ ಅಲ್ಲ, ಮೆಕ್ಯಾನಿಕನಾಗಿ. ಶಾಲೆಯ ಮೂರನೇ ನಂಬರಿನ ಬಸ್ಸಿನ ಕ್ಲಚ್ ಹೋಗಿ ಗಾಡಿ ಅಂಗಳ ಬಿಟ್ಟು ಕದಲುವ ಸ್ಥಿತಿಯಲ್ಲಿರಲಿಲ್ಲ. ದಾಂಡೇಲಿಯ ತನ್ನ ಗ್ಯಾರೇಜಿನ ಶಟರ್ ಎಳೆದು, ಪಾನಾಗಳ ಪೆಟ್ಟಿಗೆ ಬೈಕಿಗೆ ಕಟ್ಟಿಕೊಂಡು ಅವನೇ ಹಳಿಯಾಳ ರಸ್ತೆಯ ಬ್ರೈಟ್ ರಿವರ್ ಶಾಲೆಗೆ ಬಂದಿದ್ದ. ಗೋಣಿಚೀಲ ಹಾಸಿ ಬಸ್ಸಿನ ಅಡಿ ಅಂಗಾತ ಮಲಗಿದ್ದವನಿಗೆ ಚಕ್ರಗಳ ನಡುವಿನಿಂದ ಕಾಣುತ್ತಿದ್ದದ್ದು ಮಕ್ಕಳ ಬೂಟುಗಳ ಸಾಲು ಮಾತ್ರ.

ಹತ್ತನೇ ತರಗತಿಯ ಮಕ್ಕಳು ವರಾಂಡದ ಮುಂದೆ ನಿಂತಿದ್ದರು. ಮೈಕಿನಲ್ಲಿ ಒಬ್ಬೊಬ್ಬರದೇ ಹೆಸರು ಕೂಗುತ್ತಿದ್ದರು. ಹೆಸರು ಬಂದವರು ಮುಂದೆ ಹೋಗಿ ಕಾಗದ ಇಸಿದುಕೊಂಡು, ಡೈರೆಕ್ಟರರ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸಾಬೀರ ಕೈಯಲ್ಲಿನ ಪಾನಾ ನಿಲ್ಲಿಸಿ ಕಿವಿಗೊಟ್ಟ. ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಹೆಸರು ಬರುತ್ತಿವೆಯೆಂದು ಅವನಿಗೆ ಗೊತ್ತಾಗಿತ್ತು. ಎಚ್ ಮುಗಿಯಿತು. ಇನ್ನು ಮಗಳು ಇಶ್ರತ. ಆದರೆ ಮೈಕು ಜೆ ಅಕ್ಷರದ ಹುಡುಗನೊಬ್ಬನನ್ನು ಕರೆಯಿತು.

ತನಗೇ ಸರಿಯಾಗಿ ಕೇಳಿಸಲಿಲ್ಲವೇನೋ ಅಂದುಕೊಂಡ. ಕೊನೆಯ ಹೆಸರಿನವರೆಗೂ ಹಾಗೇ ಮಲಗಿ ಕಾದ. ಚಪ್ಪಾಳೆಯಾಯಿತು, ಬೂಟುಗಳ ಸಾಲು ಚದುರಿತು. ಇಶ್ರತಳ ಹೆಸರು ಬರಲೇ ಇಲ್ಲ.

ಬಸ್ಸಿನ ಅಡಿಯಿಂದ ಸರಿದು ಎದ್ದು, ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತ ಆಫೀಸಿನ ಕಿಟಕಿಗೆ ಹೋದ. ಗುಮಾಸ್ತ ಸುಭಾಸ ಒಳಗಿದ್ದ. ಸಾಬೀರನಿಗೆ ಆರು ವರ್ಷದ ಪರಿಚಯ. ಬಸ್ಸಿನ ಕೆಲಸವಿದ್ದಾಗಲೆಲ್ಲ ಫೋನು ಮಾಡುತ್ತಿದ್ದವನು ಅವನೇ.

"ಸುಭಾಸಣ್ಣಾ, ನಮ್ಮ ಇಶ್ರತಂದು ಹಾಲ್ ಟಿಕೆಟ್ ಬಂದಿಲ್ಲೇನ್ರಿ? ಹೆಸರು ಕರೀಲಿಲ್ಲ."

ಸುಭಾಸ ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ. "ಬರತೈತಿ. ಆಮ್ಯಾಲ ಕೊಡ್ತಾರ."

"ಎಲ್ಲಾರಿಗೂ ಕೊಟ್ರಲ್ಲ?"

"ನೀವು ಮೊದಲ ಬಸ್ ನೋಡ್ರಿ ಸಾಬೀರಣ್ಣಾ. ಸಾಯಂಕಾಲಕ್ಕ ಗಾಡಿ ಬೇಕು."

ಅಷ್ಟರಲ್ಲಿ ಲ್ಯಾಬಿನ ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಹಳೆಯ ಬೆಂಚು, ಮುರಿದ ಬೋರ್ಡು ಇಡುವ ಕೋಣೆ ಅದು. ಅದರೊಳಗಿಂದ ಒಬ್ಬರ ಹಿಂದೊಬ್ಬರು ಮಕ್ಕಳು ಹೊರಬಂದರು. ಸಾಬೀರ ಎಣಿಸಿದ. ಒಂಬತ್ತು. ಆರನೆಯವಳು ಇಶ್ರತ. ಅಪ್ಪನನ್ನು ಕಂಡವಳೇ ಅವಳು ನಿಂತುಬಿಟ್ಟಳು. ಕದ್ದು ಸಿಕ್ಕಿಬಿದ್ದವಳ ಮುಖ. ಹದಿನಾರು ವರ್ಷ ಸಾಕಿದ ಮಗಳ ಮುಖದಲ್ಲಿ ಅಂಥ ಭಯವನ್ನು ಅವನು ಎಂದೂ ನೋಡಿರಲಿಲ್ಲ.

"ಅಬ್ಬಾ, ಮನೀಗೆ ಹೋಗೂಣು," ಅಂದಳು.

"ಏನಾತು?"

"ಇಲ್ಲಿ ಬ್ಯಾಡ. ಮನ್ಯಾಗ ಹೇಳ್ತೇನಿ."

ಕ್ಲಚ್ ಪ್ಲೇಟು ಗೋಣಿಚೀಲದ ಮೇಲೇ ಉಳಿಯಿತು. ಸಾಬೀರ ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮನೆಗೆ ಬಂದ. ದಾರಿಯುದ್ದಕ್ಕೂ ಅವಳ ಹಣೆ ಅವನ ಬೆನ್ನಿಗೆ ಒತ್ತಿಕೊಂಡಿತ್ತು.

ಸುಗರಾ ಅಕ್ಕಿ ಆರಿಸುತ್ತ ಕೂತಿದ್ದಳು. ಗಂಡ ಹೊತ್ತಲ್ಲದ ಹೊತ್ತಿನಲ್ಲಿ, ಮಗಳ ಜೊತೆ ಬಂದದ್ದನ್ನು ನೋಡಿ ಮೊರ ಪಕ್ಕಕ್ಕಿಟ್ಟಳು. ಇಶ್ರತ ಗೋಡೆಗೆ ಒರಗಿ ನಿಂತೇ ಹೇಳಿದಳು. ಜುಲೈ ತಿಂಗಳ ಮೊದಲ ಕಿರುಪರೀಕ್ಷೆಯಾದ ಮೇಲೆ ಒಂಬತ್ತು ಮಂದಿಯನ್ನು ಬೇರೆ ಕರೆದಿದ್ದರಂತೆ. ಇನ್ನು ಮೇಲೆ ನೀವು ಲ್ಯಾಬಿನ ಹಿಂದೆ ಕೂರಬೇಕು, ನಿಮ್ಮ ಹೆಸರು ಶಾಲೆಯ ಪಟ್ಟಿಯಲ್ಲಿಲ್ಲ, ನೀವು ಬೇರೆ ಶಾಲೆಯ ಮೂಲಕ ಖಾಸಗಿ ಅಭ್ಯರ್ಥಿಗಳಾಗಿ ಪರೀಕ್ಷೆ ಬರೆಯುತ್ತೀರಿ ಎಂದಿದ್ದರಂತೆ. ಮನೆಯಲ್ಲಿ ಬಾಯಿ ಬಿಟ್ಟರೆ ಆ ಹಾಲ್ ಟಿಕೆಟ್ಟೂ ಬರುವುದಿಲ್ಲ ಎಂದಿದ್ದರಂತೆ.

"ಖಾಸಗಿ ಅಂದ್ರ?" ಸುಗರಾ ಕೇಳಿದಳು.

"ಸಾಲಿಗೆ ಹೋಗದೇ ಪರೀಕ್ಷೆ ಕಟ್ಟೋರು, ಅಮ್ಮೀ."

"ನೀ ದಿನಾ ಸಾಲಿಗೆ ಹೋಗತಿದ್ದಿ."

"ಹೋಗತಿದ್ದೆ."

"ನಾ ಡಬ್ಬಿ ಕಟ್ಟಿಕೊಡತಿದ್ದೆ."

ಸುಗರಾ ಗಂಡನ ಮುಖ ನೋಡಿದಳು, ಅವನೇನಾದರೂ ತಿಳಿಯುವಂತೆ ಹೇಳಿಯಾನು ಎಂಬಂತೆ. ಸಾಬೀರ ಹೊಸ್ತಿಲ ಮೇಲೆ ಕೂತ. ಜುಲೈಯಿಂದ ಈ ಫೆಬ್ರುವರಿಯವರೆಗೆ ಎಂಟು ತಿಂಗಳು. ಅಷ್ಟೂ ದಿನ ಈ ಹುಡುಗಿ ಬೆಳಿಗ್ಗೆ ಜಡೆ ಹಾಕಿಸಿಕೊಂಡು, ಐಡಿ ಕಾರ್ಡು ಕೊರಳಿಗೆ ಹಾಕಿಕೊಂಡು, ಅವನೇ ರಿಪೇರಿ ಮಾಡಿದ ಬಸ್ಸಿನಲ್ಲಿ ಕೂತು, ತನ್ನ ಹೆಸರೇ ಇಲ್ಲದ ಶಾಲೆಗೆ ಹೋಗಿಬಂದಿದ್ದಳು. ರಾತ್ರಿ ಊಟಕ್ಕೆ ಕೂತಾಗ ಇವತ್ತು ಏನು ಕಲಿಸಿದರು ಎಂದು ಅವನು ಕೇಳಿದರೆ ಏನೋ ಒಂದು ಹೇಳುತ್ತಿದ್ದಳು.

"ನನಗಾರ ಹೇಳಬೇಕಿತ್ತಲ್ಲವ್ವಾ."

"ನೀವು ಸಾಲಿಗೆ ಹೋಗಿ ಜಗಳಾ ಮಾಡ್ತೀರಿ, ಬಸ್ಸಿನ ಕೆಲಸಾನೂ ಹೋಗತೈತಿ, ಹಾಲ್ ಟಿಕೆಟ್ಟೂ ಹೋಗತೈತಿ ಅಂತ..." ಸುಗರಾ ಎದ್ದು ಹೋಗಿ ಅವಳನ್ನು ಅಪ್ಪಿಕೊಂಡಳು.

ಮರುದಿನ ಸಾಬೀರ ಡೈರೆಕ್ಟರ್ ಉದಯಕುಮಾರರ ಕೋಣೆಯಲ್ಲಿ ಕೂತಿದ್ದ. ಜಗಳ ಮಾಡಬಾರದೆಂದು ಮಗಳಿಗೆ ಮಾತು ಕೊಟ್ಟು ಬಂದಿದ್ದ. ಉದಯಕುಮಾರ ಹುಬ್ಬಳ್ಳಿ ಕಡೆಯವರು, ದನಿ ಏರಿಸಿ ಮಾತಾಡಿದವರಲ್ಲ. ಚಹಾ ತರಿಸಿದರು. ಕಡತವೊಂದನ್ನು ತೆಗೆದು ಅವನ ಮುಂದೆ ಸರಿಸಿದರು.

ಅದರಲ್ಲಿದ್ದದ್ದು ಒಂದು ಅರ್ಜಿ. ಕೌಟುಂಬಿಕ ಕಾರಣಗಳಿಂದ ನನ್ನ ಮಗಳನ್ನು ಶಾಲೆ ಬಿಡಿಸುತ್ತಿದ್ದೇನೆ, ದಯವಿಟ್ಟು ವರ್ಗಾವಣೆ ಪತ್ರ ಕೊಡಬೇಕು ಎಂದು ಬರೆದಿತ್ತು. ಕೆಳಗೆ ಸಾಬೀರನ ಸಹಿ. ಸಹಿಯ ಪಕ್ಕದಲ್ಲಿ ಗ್ರೀಸಿನ ಹೆಬ್ಬೆರಳ ಗುರುತು.

ಆ ಗುರುತು ನೋಡಿದ ಮೇಲೆಯೇ ಅವನಿಗೆ ನೆನಪಾದದ್ದು. ಜೂನ್ ತಿಂಗಳು, ಒಂದನೇ ನಂಬರಿನ ಬಸ್ಸು. ಅವನು ಬೇರಿಂಗಿಗೆ ಗ್ರೀಸು ತುಂಬುತ್ತಿದ್ದಾಗ ಸುಭಾಸ ನಾಲ್ಕೈದು ಹಾಳೆ ಹಿಡಿದು ಬಂದಿದ್ದ. ಬಸ್ಸಿನ ಫಾರ್ಮು, ಫೋಟೋದ ಫಾರ್ಮು, ಆಧಾರ್ ಕಾರ್ಡಿನ ಫಾರ್ಮು ಎಂದು ಹೇಳಿದ್ದ. ಸಾಬೀರ ಒಂದು ಕೈ ಒರೆಸಿಕೊಂಡು, ಹಾಳೆಗಳನ್ನು ಬಸ್ಸಿನ ಬಾನೆಟ್ಟಿನ ಮೇಲಿಟ್ಟು, ತೋರಿಸಿದಲ್ಲೆಲ್ಲ ಸಹಿ ಮಾಡಿದ್ದ. ಅವನಿಗೆ ಕನ್ನಡ ಓದಲು ಬರುತ್ತಿತ್ತು. ಓದಬೇಕೆಂದು ಅನ್ನಿಸಿರಲಿಲ್ಲ, ಅಷ್ಟೇ. ಕಿರುಪರೀಕ್ಷೆಗೂ ಮೊದಲೇ ಅವರು ಸಹಿ ತೆಗೆದಿಟ್ಟುಕೊಂಡಿದ್ದರು.

"ಇದು ನಾ ಕೊಟ್ಟ ಅರ್ಜಿ ಅಲ್ರಿ ಸರ್," ಅಂದ. ಅವನ ದನಿ ಅವನಿಗೇ ಬೇರೆ ಯಾರದೋ ಅನ್ನಿಸಿತು.

"ಸಹಿ ನಿಮ್ಮದಲ್ಲೇನು?"

"ಸಹಿ ನಂದ."

"ಮತ್ತ?" ಉದಯಕುಮಾರ ಒಂದು ಗುಟುಕು ಚಹಾ ಕುಡಿದರು. "ನೋಡ್ರಿ ಸಾಬೀರ, ನಿಮ್ಮ ಹತ್ರ ಮುಚ್ಚಿಡೋದೇನೂ ಇಲ್ಲ. ಈ ಸಾಲಿ ನಡಿಯೋದು ಶೇಕಡಾ ನೂರರ ಮ್ಯಾಲ. ಎಂಟು ವರ್ಷ ಆತು, ಒಂದು ಹುಡುಗ ಫೇಲ್ ಆಗಿಲ್ಲ. ಮುಂಡಗೋಡದಿಂದ, ಜೋಯಿಡಾ ಕಡೀ ರಾಮನಗರದಿಂದ ಮಕ್ಕಳನ್ನ ತಂದು ಹಾಸ್ಟೆಲಿನಾಗ ಬಿಡ್ತಾರ. ಯಾಕ? ಬೋರ್ಡಿನ ಮ್ಯಾಲ ನೂರು ಅಂತ ಐತಿ. ಅದು ತೊಂಬತ್ತೆಂಟಾತಂದ್ರ ಮುಂದಿನ ವರ್ಷ ಅವರೆಲ್ಲಾ ಬ್ಯಾರೆ ಕಡೆ ಹೋಗ್ತಾರ."

"ನನ್ನ ಮಗಳು ಫೇಲ್ ಆಗ್ತಾಳಂತ ಯಾರು ಹೇಳಿದ್ರು?"

ಉದಯಕುಮಾರ ಮೇಜಿನ ಮೇಲಿನ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದರು. ಮಕ್ಕಳ ಹೆಸರುಗಳ ಉದ್ದ ಪಟ್ಟಿ. ಕೆಲವು ಹಸಿರು, ಕೆಲವು ಹಳದಿ. ಕೊನೆಗೆ ಒಂಬತ್ತು ಹೆಸರು ಕೆಂಪು ಬಣ್ಣದಲ್ಲಿದ್ದವು. ಇಶ್ರತ ಅಲ್ಲಿದ್ದಳು. ಎದುರಿಗೆ ಗಣಿತ ಎಂದು ಬರೆದಿತ್ತು.

"ಗಣಿತದಾಗ ಆಕಿ ಗ್ಯಾರಂಟಿ ಇಲ್ಲ."

"ಪ್ರಗತಿ ಪತ್ರದಾಗ ಬಿ ಪ್ಲಸ್ ಅಂತ ಕೊಟ್ಟೀರಲ್ರಿ. ಒಂಬತ್ತನೇದರಾಗೂ ಬಿ ಪ್ಲಸ್."

"ಅದು ಪಾಲಕರ ಸಮಾಧಾನಕ್ಕ ಕೊಡೋದು."

ಸಾಬೀರ ಆ ಮನುಷ್ಯನ ಮುಖವನ್ನೇ ನೋಡುತ್ತ ಕೂತ. ಅದರಲ್ಲಿ ನಾಚಿಕೆಯನ್ನು ಹುಡುಕುತ್ತಿದ್ದ. ಸಿಟ್ಟಾದರೂ ಇದ್ದಿದ್ದರೆ ಅವನಿಗೆ ಎದುರು ಮಾತಾಡಲು ಏನಾದರೂ ಸಿಗುತ್ತಿತ್ತು. ಉದಯಕುಮಾರರ ಮುಖದಲ್ಲಿ ಎರಡೂ ಇರಲಿಲ್ಲ. ಬಿಡಿಭಾಗ ಮಾರುವ ಅಂಗಡಿಯವನು ಈ ಸಾಮಾನಿಗೆ ವಾರಂಟಿ ಇಲ್ಲ ಅನ್ನುವಾಗ ಇರುವಂಥ ಮುಖ ಅದು.

"ನೀವು ಕೊಟ್ಟಿದ್ದಕ್ಕ ನಾವು ಕಮ್ಮಿ ಮಾಡಿಲ್ಲ," ಉದಯಕುಮಾರ ಹೇಳಿದರು. "ಕ್ಲಾಸ್ ನಡಸೇವಿ, ಬಸ್ ಕಳಿಸೇವಿ, ಪುಸ್ತಕಾ ಕೊಟ್ಟೇವಿ. ಪರೀಕ್ಷೆಗೂ ಕೂಡಿಸೇವಿ. ರಿಸಲ್ಟ್ ಮಾತ್ರ ನಮ್ಮದು."

ಅವನ ಚಹಾ ಹಾಗೇ ಇತ್ತು. ಸಾಬೀರ ಎದ್ದು ಹೊರಬಂದ. ಅಂಗಳದಲ್ಲಿ ಮೂರನೇ ನಂಬರಿನ ಬಸ್ಸಿನ ಅಡಿ ಬೇರೊಬ್ಬ ಮೆಕ್ಯಾನಿಕನ ಕಾಲುಗಳು ಕಾಣುತ್ತಿದ್ದವು.

ಹಳಿಯಾಳದ ಶಿಕ್ಷಣ ಇಲಾಖೆಯ ಆಫೀಸಿನಲ್ಲಿ ಅಧಿಕಾರಿ ಅವನ ಮಾತನ್ನು ಪೂರ್ತಿ ಕೇಳಿದರು. ಕೇಳಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನೋಂದಣಿಯ ದಿನ ಎಂದೋ ಮುಗಿದಿದೆ, ಈಗ ಹೆಸರು ಬದಲಿಸಲು ಬರುವುದಿಲ್ಲ ಎಂದರು. ಹಾಲ್ ಟಿಕೆಟ್ ಮಾತ್ರ ಯಾರೂ ತಡೆಯದಂತೆ ನಾವು ನೋಡಿಕೊಳ್ಳುತ್ತೇವೆ, ಶಾಲೆಗೆ ನೋಟೀಸು ಕೊಡುತ್ತೇವೆ, ನೀವು ದೂರು ಬರೆದುಕೊಡಿ ಎಂದರು. ಕೊನೆಗೆ ಮೆಲ್ಲಗೆ, "ಆದ್ರ ಸಹಿ ನಿಮ್ಮದೈತಲ್ರಿ," ಅಂದರು.

ಅಂದಿನಿಂದ ಸಾಬೀರ ಸಹಿ ಮಾಡುವಾಗಲೆಲ್ಲ ಎರಡು ಸಲ ಓದತೊಡಗಿದ. ದೂರಿನ ಅರ್ಜಿಯನ್ನು ನಾಲ್ಕು ಸಲ ಓದಿದ.

ತನ್ನ ಮಗಳೊಬ್ಬಳ ದೂರಿಗಿಂತ ಒಂಬತ್ತು ಮಕ್ಕಳ ದೂರಿಗೆ ತೂಕ ಹೆಚ್ಚೆಂದು ಅವನಿಗೆ ಅನ್ನಿಸಿತು. ಹೆಸರುಗಳನ್ನು ಇಶ್ರತ ಬರೆದುಕೊಟ್ಟಳು. ಮುಂಡಗೋಡ ತಾಲೂಕಿನ ಇಂದೂರಿನ ಸಿದ್ದಲಿಂಗ ಅವರಲ್ಲೊಬ್ಬ. ಹಾಸ್ಟೆಲಿನ ಹುಡುಗ. ಅಪ್ಪ ಚನಬಸಪ್ಪ ಹತ್ತಿ, ಗೋವಿನಜೋಳ ಬೆಳೆಯುವವರು. ಸಾಬೀರ ಬೈಕು ಹತ್ತಿ ಅಷ್ಟು ದೂರ ಹೋದ. ಚನಬಸಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದರು, ನೀರು ಕೊಟ್ಟರು, ಮಾತು ಕೇಳಿ ನಕ್ಕರು.

"ನಮ್ಮ ಹುಡುಗಗ ಎ ಬಂದೈತ್ರಿ. ನೀವು ಬ್ಯಾರೆ ಯಾರ್ದೋ ಹುಡುಗನ ಸುದ್ದಿ ತಂದೀರಿ."

"ಕಾಕಾ, ನನ್ನ ಮಗಳಿಗೂ ಬಿ ಪ್ಲಸ್ ಬಂದಿತ್ರಿ."

ಚನಬಸಪ್ಪನವರ ನಗು ನಿಧಾನಕ್ಕೆ ಇಳಿಯಿತು. ಒಳಗೆ ಹೋಗಿ ಪ್ರಗತಿ ಪತ್ರ ತಂದು, ದೇವರ ಪಟ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಮಗನಿಗೆ ಫೋನು ಹಚ್ಚಿದರು. ಹಾಸ್ಟೆಲಿನ ಫೋನು ಯಾರೋ ಎತ್ತಿ ಹುಡುಗನನ್ನು ಕರೆದರು. "ಸಿದ್ದೂ, ನೀ ಎಲ್ಲಿ ಕೂಡತಿ, ಕ್ಲಾಸಿನಾಗೋ, ಹಿಂದಿನ ಖೋಲಿಯೊಳಗೋ?" ಎಂದು ಕೇಳಿದರು. ಆ ಕಡೆಯಿಂದ ಏನು ಬಂತೋ ಸಾಬೀರನಿಗೆ ಕೇಳಿಸಲಿಲ್ಲ. ಚನಬಸಪ್ಪ ಫೋನು ಕಿವಿಗೆ ಹಿಡಿದು ಹಾಗೇ ನಿಂತಿದ್ದರು. ಫೋನು ಕಟ್ಟಾದ ಮೇಲೂ ನಿಂತಿದ್ದರು.

"ದೂರು ಗೀರು ನಮಗ ಬ್ಯಾಡ್ರಿ," ಅಂದರು ಕೊನೆಗೆ. "ಸಣ್ಣ ಮಗಳೂ ಅಲ್ಲೇ ಅದಾಳ. ಊರಾಗ ನಾಕು ಮಂದಿ ಮುಂದ ನಾನ ಹೊಗಳೇನಿ ಆ ಸಾಲೀನ್ನ. ನನ್ನ ಮಾತು ಕೇಳಿ ಮೂರು ಮನಿಯವರು ಮಕ್ಕಳನ್ನ ಹಚ್ಚ್ಯಾರ."

ಸಾಬೀರ ಬಲವಂತ ಮಾಡಲಿಲ್ಲ. ಆದರೆ ಮೂರನೇ ದಿನ ಬೆಳಿಗ್ಗೆ ಗ್ಯಾರೇಜಿನ ಶಟರ್ ಎತ್ತುವಾಗ ಚನಬಸಪ್ಪ ಎದುರಿಗೆ ನಿಂತಿದ್ದರು. ಪಕ್ಕದಲ್ಲಿ ಹಾಸಿಗೆ ಸುರುಳಿ ಹೊತ್ತ ಸಿದ್ದಲಿಂಗ. ಹಾಸ್ಟೆಲಿನಿಂದ ಬಿಡಿಸಿಕೊಂಡು ಬಂದಿದ್ದರು.

"ಪರೀಕ್ಷೆ ಮುಗಿಯೂತನಕ ನಿಮ್ಮ ಮನ್ಯಾಗ ಇಟ್ಕೊರಿ," ಅಂದರು. "ಊರಿಗೆ ಕರಕೊಂಡು ಹೋದ್ರ ಇಂವ ಓದಂಗಿಲ್ಲ. ಊಟಕ್ಕ ಚಿಂತಿ ಮಾಡಬ್ಯಾಡ್ರಿ, ರೊಟ್ಟಿ ಕಟ್ಟಿಸ್ಕೊಂಡು ಬಂದೇನಿ. ಮುಗಿದ ಮ್ಯಾಲ ನೀವು ಮಾಡಿದ್ದು ಉಣ್ತಾನ." ಆಮೇಲೆ ಕಿಸೆಯಿಂದ ಪೆನ್ನು ತೆಗೆದರು. "ಆ ಅರ್ಜಿ ಎಲ್ಲೈತಿ, ಕೊಡ್ರಿ."

ಸುಗರಾ ಹುಡುಗನಿಗೆ ಬೇರೆ ಪಾತ್ರೆಯಲ್ಲಿ ಬೇಳೆ, ಪಲ್ಯ ಮಾಡಿದಳು. ಅವನಿಗೆ ಹೊರಗಿನ ಕೋಣೆ ಬಿಟ್ಟುಕೊಟ್ಟರು. ಇಶ್ರತಳೂ ಅವನೂ ಮೊದಲ ಎರಡು ದಿನ ಒಬ್ಬರ ಮುಖ ಒಬ್ಬರು ನೋಡದೆ ಓದಿದರು. ಹಿಂದಿನ ಕೋಣೆಯಲ್ಲಿ ಎಂಟು ತಿಂಗಳು ಜೊತೆಗೆ ಕೂತವರಿಗೆ ಮನೆಯ ಬೆಳಕಿನಲ್ಲಿ ನಾಚಿಕೆಯಾಗುತ್ತಿತ್ತು.

ಪಕ್ಕದ ಓಣಿಯಲ್ಲಿ ಸರಕಾರಿ ಪ್ರೌಢಶಾಲೆಯ ಗಣಿತದ ಅನ್ನಪೂರ್ಣಾ ಟೀಚರ್ ಇದ್ದರು. ಸಾಬೀರ ಅವರ ಸ್ಕೂಟರನ್ನು ಎಷ್ಟೋ ಸಲ ನೋಡಿಕೊಟ್ಟಿದ್ದ, ಆದರೆ ಅವರ ಶಾಲೆಯ ಕಡೆ ಒಮ್ಮೆಯೂ ತಲೆ ಹಾಕಿರಲಿಲ್ಲ. ಈಗ ಅವರ ಮನೆಯ ಮುಂದೆ ನಿಲ್ಲಲು ಅವನಿಗೆ ಸಂಕೋಚವಾಯಿತು. ಟೀಚರ್ ಅದನ್ನು ಆಡಿ ತೋರಿಸಲಿಲ್ಲ. ಇಶ್ರತಳ ಪುಸ್ತಕ ತಿರುವಿ ಹಾಕಿ, ಒಂದೇ ಮಾತು ಕೇಳಿದರು.

"ಖಾಸಗಿಯವರಿಗೆ ಸಾಲಿಯವರು ಕೊಡೋ ಇಪ್ಪತ್ತು ಅಂಕ ಇಲ್ಲ. ನೂರಕ್ಕ ನೂರೂ ಬರದ ತಗೀಬೇಕು. ಇದನ್ನ ನಿಮಗ ಹೇಳ್ಯಾರೇನು?"

"ಇಲ್ರಿ ಟೀಚರ್."

"ಹಿಂದಿನ ಕೋಣ್ಯಾಗ ಯಾರು ಕಲಸತಿದ್ರು?"

"ಯಾರೂ ಬರತಿರಲಿಲ್ರಿ. ಗೈಡ್ ಕೊಟ್ಟು ಓದ್ಕೊರಿ ಅಂತಿದ್ರು. ಗಲಾಟಿ ಮಾಡಿದ್ರ ಸುಭಾಸ ಸರ್ ಬಂದು ಬಾಗಿಲಾ ಹಾಕ್ಕೊಂಡು ಹೋಗತಿದ್ರು."

ಅನ್ನಪೂರ್ಣಾ ಟೀಚರ್ ಪುಸ್ತಕ ಮುಚ್ಚಿದರು. ಮೂವತ್ತು ವರ್ಷ ಪಾಠ ಮಾಡಿದ ಹೆಂಗಸು ಅವರು. ಎದ್ದು ಒಳಗೆ ಹೋಗಿ ಸ್ವಲ್ಪ ಹೊತ್ತಿನ ಮೇಲೆ ಬಂದರು. "ನಾಳೆಯಿಂದ ನಮ್ಮ ಸಾಲಿ ಬಿಟ್ಟ ಮ್ಯಾಲ ಐದು ಗಂಟೆಕ್ಕ ಬರ್ರಿ. ಉಳಿದವರನ್ನೂ ಕರಕೊಂಡ ಬರ್ರಿ," ಅಂದರು.

ಆರು ಮಕ್ಕಳು ಬಂದರು. ಮೂವರು ಬರಲಿಲ್ಲ. ಜೋಯಿಡಾದ ಕಾಡಂಚಿನ ಒಬ್ಬಳಿಗೆ ಬಸ್ಸಿನ ಅನುಕೂಲವಿರಲಿಲ್ಲ. ಇನ್ನೊಬ್ಬನ ಅಪ್ಪ ಸಾಬೀರನ ಫೋನು ಎತ್ತಲೇ ಇಲ್ಲ. ರಾಮನಗರದ ಹುಡುಗ ಆಗಲೇ ಪುಸ್ತಕ ಮೂಲೆಗಿಟ್ಟು, ಅನಮೋಡ ಘಟ್ಟ ದಾಟಿ ಗೋವಾದ ಹೋಟೆಲೊಂದಕ್ಕೆ ಕೆಲಸಕ್ಕೆ ಸೇರಿದ್ದ. ಸಾಬೀರ ಅವನೊಡನೆ ಫೋನಿನಲ್ಲಿ ಮಾತಾಡಿದ. "ಅಂಕಲ್, ನಾ ಫೇಲ್ ಆಗೋ ಹುಡುಗ ಅಂತ ಸಾಲಿಯವರ ಹೇಳ್ಯಾರ," ಎಂದು ಹುಡುಗ ಸಮಾಧಾನದ ದನಿಯಲ್ಲಿ ಹೇಳಿದ. ಆ ಸಮಾಧಾನ ಸಾಬೀರನನ್ನು ಬಹಳ ದಿನ ಕಾಡಿತು.

ಇಲಾಖೆಯ ಆಫೀಸಿನ ಮೂಲಕ ಹಾಲ್ ಟಿಕೆಟ್ ಕೈಗೆ ಬಂದವು. ಪರೀಕ್ಷೆಯ ಆರು ದಿನವೂ ಸಾಬೀರ ಬೇರೊಬ್ಬರ ಜೀಪು ಕೇಳಿ ತಂದು ಆರು ಮಕ್ಕಳನ್ನೂ ಹಳಿಯಾಳದ ಕೇಂದ್ರಕ್ಕೆ ಮುಟ್ಟಿಸಿದ. ಗಣಿತದ ದಿನ ಇಶ್ರತ ಹೊರಬಂದಾಗ ಅಳುತ್ತಿದ್ದಳು. ಅನ್ನಪೂರ್ಣಾ ಟೀಚರ್ ಪ್ರಶ್ನೆಪತ್ರಿಕೆ ಇಸಿದುಕೊಂಡು ಒಂದೊಂದಕ್ಕೂ ಅವಳು ಬರೆದ ಉತ್ತರ ಕೇಳಿ, "ಅಳೂದು ಸಾಕು, ಪಾಸಾಗ್ತಿ," ಅಂದರು.

ಪರೀಕ್ಷೆ ಮುಗಿದ ವಾರದಲ್ಲಿ ಬ್ರೈಟ್ ರಿವರಿನ ಒಂದು ಬಸ್ಸು ಗ್ಯಾರೇಜಿನ ಮುಂದೆ ಬಂದು ನಿಂತಿತು. ಬ್ರೇಕು ಹಿಡಿಯುತ್ತಿಲ್ಲ, ಬೇರೆ ಮೆಕ್ಯಾನಿಕನಿಗೆ ಗೊತ್ತಾಗುತ್ತಿಲ್ಲ ಎಂದು ಡ್ರೈವರು ಅಳುಕುತ್ತ ಹೇಳಿದ. ಊಟದ ಡಬ್ಬಿ ತಂದಿದ್ದ ಸುಗರಾ ಗಂಡನನ್ನೇ ನೋಡುತ್ತಿದ್ದಳು. ಸಾಬೀರ ಬಸ್ಸಿನ ಒಳಗೆ ಇಣುಕಿದ. ಬೇಸಿಗೆ ಶಿಬಿರದ ಚಿಕ್ಕ ಮಕ್ಕಳು ಹತ್ತು ಹನ್ನೆರಡು ಮಂದಿ ಕೂತಿದ್ದರು. ಅವರನ್ನು ಇಳಿಸಿ ನೆರಳಿನಲ್ಲಿ ಕೂರಿಸಲು ಹೇಳಿ ಜಾಕು ಹಚ್ಚಿದ. ಸಂಜೆಯವರೆಗೆ ಕೂತು ಆ ಬ್ರೇಕು ಸರಿ ಮಾಡಿದ. "ಇನ್ನ ಮ್ಯಾಲ ಬ್ಯಾರೆ ಕಡೆ ತೋರಿಸ್ರಿ. ಬ್ರೇಕು ಅಂದ್ರ ಮಾತ್ರ ತರ್ರಿ," ಎಂದು ಡ್ರೈವರನಿಗೆ ಹೇಳಿ ಕಳಿಸಿದ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಇಶ್ರತ ಪಾಸಾಗಿದ್ದಳು. ಗಣಿತದಲ್ಲಿ ನಲವತ್ತೊಂದು. ಆರು ಮಂದಿಯಲ್ಲಿ ನಾಲ್ವರು ಪಾಸು. ಸಿದ್ದಲಿಂಗ ವಿಜ್ಞಾನದಲ್ಲಿ ಫೇಲಾಗಿ ಉಳಿದಿದ್ದ. ಚನಬಸಪ್ಪ ಫೋನು ಮಾಡಿ, "ಮುಂದಿನ ಪರೀಕ್ಷೆಕ್ಕ ಮತ್ತ ಕಳಸ್ತೇನಿ, ಕೋಣಿ ಖಾಲಿ ಇಟ್ಟಿರ್ರಿ," ಅಂದರು. ಸಣ್ಣ ಮಗಳನ್ನು ಅಲ್ಲಿಂದ ಬಿಡಿಸಿದ್ದೇನೆಂದೂ, ತನ್ನ ಮಾತು ಕೇಳಿ ಸೇರಿಸಿದ್ದ ಮೂರೂ ಮನೆಗೆ ತಾನೇ ಹೋಗಿ ಹೇಳಿಬಂದೆನೆಂದೂ ಹೇಳಿದರು.

ಅದೇ ವಾರ ಬಸ್ ಸ್ಟ್ಯಾಂಡಿನ ಎದುರು ದೊಡ್ಡ ಬ್ಯಾನರು ಎದ್ದಿತು. ಸತತ ಒಂಬತ್ತನೇ ವರ್ಷ ಶೇಕಡಾ ನೂರು. ನಗುವ ಮಕ್ಕಳ ಫೋಟೋಗಳ ಸಾಲು. ಸಾಬೀರ ಬೈಕು ನಿಲ್ಲಿಸಿ ನೋಡಿದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಯಾರೋ ದಂಪತಿ ಬ್ಯಾನರಿನ ಫೋನ್ ನಂಬರನ್ನು ಮೊಬೈಲಿಗೆ ಹಾಕಿಕೊಳ್ಳುತ್ತಿದ್ದರು. ಅವರಿಗೆ ಎಲ್ಲ ಹೇಳಬೇಕೆಂದು ಬಾಯಿ ತೆರೆದ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವಷ್ಟರಲ್ಲಿ ಅವರು ಬಸ್ಸು ಹತ್ತಿದ್ದರು.

ನೋಟೀಸಿಗೆ ಶಾಲೆ ಉತ್ತರ ಕೊಟ್ಟಿತ್ತು. ಪಾಲಕರ ಕೋರಿಕೆಯ ಮೇರೆಗೇ ವರ್ಗಾವಣೆ ಪತ್ರ ನೀಡಲಾಗಿದೆ, ಸಹಿಗಳನ್ನು ಲಗತ್ತಿಸಿದೆ ಎಂದು. ವಿಚಾರಣೆ ಇನ್ನೂ ನಡೆದಿತ್ತು. ಸಾಬೀರ ತಿಂಗಳಿಗೊಮ್ಮೆ ಹಳಿಯಾಳಕ್ಕೆ ಹೋಗಿ ಕೇಳಿಬರುತ್ತಿದ್ದ.

ಮೇ ಕೊನೆಯ ಒಂದು ಮಧ್ಯಾಹ್ನ ಮನೆಯ ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ಬಿಸಿಲಿಗೆ ಮುಖ ಕೆಂಪೇರಿತ್ತು, ಹೆಗಲಲ್ಲಿ ಬ್ರೈಟ್ ರಿವರಿನ ಹೆಸರಿದ್ದ ಚೀಲ. ಹೆಸರು ರಾಜಶ್ರೀ ಎಂದೂ, ಕೆಳಗಿನ ತರಗತಿಗಳಿಗೆ ಈ ಸಲವೇ ಸೇರಿದ ಟೀಚರ್ ಎಂದೂ ಹೇಳಿಕೊಂಡಳು. ಈ ಮನೆಯಲ್ಲಿ ಎಂಟನೆಯ ತರಗತಿಗೆ ಬರುವ ರುಕ್ಸಾರ ಎಂಬ ಹುಡುಗಿ ಇದ್ದಾಳಂತಲ್ಲ ಎಂದು ಕೇಳಿದಳು. ಇಶ್ರತಳ ತಂಗಿ ರುಕ್ಸಾರ ಸರಕಾರಿ ಪ್ರೌಢಶಾಲೆಗೆ ಹೆಸರು ಹಚ್ಚಿ ಬಂದು ನಾಲ್ಕು ದಿನವಾಗಿತ್ತು.

ಸುಗರಾ ಮಾತಾಡುವ ಮೊದಲೇ ಇಶ್ರತ ಮುಂದೆ ಬಂದಳು.

"ಆಕೀನ್ನ ಎಷ್ಟನೇ ಕ್ಲಾಸಿನ ತನಕ ಇಟ್ಕೋತೀರಿ ಟೀಚರ್? ಒಂಬತ್ತರ ತನಕೋ, ಹತ್ತರ ತನಕೋ?"

ರಾಜಶ್ರೀಗೆ ಅರ್ಥವಾಗಲಿಲ್ಲ. ಇಶ್ರತ ಅವಳನ್ನು ಒಳಗೆ ಕರೆದು ಕೂರಿಸಿ ಎಲ್ಲ ಹೇಳಿದಳು. ಅವಳ ದನಿ ಎಲ್ಲೂ ನಡುಗಲಿಲ್ಲ. ಬಾಗಿಲ ಹೊರಗೆ ನಿಂತು ಕೇಳುತ್ತಿದ್ದ ಸಾಬೀರನಿಗೆ, ಎಂಟು ತಿಂಗಳು ಬಾಯಿ ಕಟ್ಟಿಕೊಂಡಿದ್ದ ಹುಡುಗಿ ಇವಳೇ ಏನು ಅನ್ನಿಸಿತು.

ಸುಗರಾ ಕೊಟ್ಟ ನೀರು ಕುಡಿಯದೆ ರಾಜಶ್ರೀ ಲೋಟ ಹಿಡಿದು ಕೂತಿದ್ದಳು.

"ಹದಿನೈದು ಅಡ್ಮಿಷನ್ ತಂದ್ರ ಕೆಲಸಾ ಖಾಯಂ ಮಾಡ್ತೇವಿ ಅಂದಾರ," ಅಂದಳು. "ಹನ್ನೊಂದು ಆಗ್ಯಾವ." ಯಾರನ್ನೂ ನೋಡದೆ ಮತ್ತೆ ಅಂದಳು. "ಸ್ಟಾಫ್ ಮಕ್ಕಳಿಗೆ ಫೀ ಇಲ್ಲ ಅಂತ ನನ್ನ ಮಗನ್ನೂ ಅಲ್ಲೇ ಹಚ್ಚೇನಿ. ಈಗ ಹತ್ತನೇ ಕ್ಲಾಸು. ಅಡ್ಮಿಷನ್ ದಿನ ನನ್ನ ಕಡಿಂದನೂ ಭಾಳ ಫಾರ್ಮಿನ ಮ್ಯಾಲ ಸಹಿ ತಗೊಂಡ್ರು. ಅಂವ ಗಣಿತದಾಗ ಸ್ವಲ್ಪ ಹಿಂದ ಅದಾನ."

ಸುಗರಾ ಅವಳ ಕೈಯಿಂದ ಲೋಟ ಇಸಿದುಕೊಂಡಳು. ಇಶ್ರತ ಚಪ್ಪಲಿ ಮೆಟ್ಟಿಕೊಂಡಳು.

"ಏಳ್ರಿ ಟೀಚರ್. ಇನ್ನೂ ಮೇ ತಿಂಗಳೈತಿ, ಪರೀಕ್ಷೆಗೆ ಹೆಸರು ಹಚ್ಚೂ ದಿನ ಬಂದಿಲ್ಲ. ಹಳಿಯಾಳದ ಆಫೀಸಿಗೆ ಅಬ್ಬಾ ಕರಕೊಂಡು ಹೋಗ್ತಾರ. ಮೊದಲ ಸಾಲಿಗೆ ಹೋಗಿ ನೀವು ಸಹಿ ಮಾಡಿದ ಫಾರ್ಮು ನೋಡೂಣು."